ರೋಟಾ ಲಸಿಕೆಯೊಳಗಿನ ವೈರಸ್ ಯಾರ ಮನೆಯದ್ದು?

ಓದುಗರ ಪ್ರಶ್ನೆ: "ನಮ್ಮದು ಶಿರಸಿ ತಾಲ್ಲೂಕಿನಲ್ಲಿ, ದೇವಿಮನೆ ಘಟ್ಟದ ದಾರಿಯಿಂದ ಒಳಗೆ ಹೋಗುವ ಒಂದು ಹಳ್ಳಿ. ಅಡಿಕೆ ತೋಟ, ನಾಲ್ಕು ದನ. ಮಗಳಿಗೆ ಈಗ ಒಂಬತ್ತು ವಾರ. ಆರನೇ ವಾರಕ್ಕೆ ಅಂಗನವಾಡಿಯಲ್ಲಿ ಉಳಿದ ಚುಚ್ಚುಮದ್ದಿನ ಜೊತೆ ರೋಟಾ ಲಸಿಕೆಯ ಐದು ಹನಿಯನ್ನೂ ಬಾಯಿಗೆ ಹಾಕಿದರು. ಮೊನ್ನೆ ಬೆಂಗಳೂರಿನಿಂದ ಬಾವ ಬಂದಿದ್ದರು. ತಾಯಿ ಕಾರ್ಡ್ ನೋಡಿ, 'ಇದು ದನದ ವೈರಸ್ಸು. ನಲವತ್ತು ವರ್ಷದ ಹಿಂದೆ ದೆಹಲಿಯ ಯಾವುದೋ ಮಗುವಿನಿಂದ ತೆಗೆದದ್ದು. ನಿಮ್ಮೂರಿನ ವೈರಸ್ಸಿಗೂ ಇದಕ್ಕೂ ಏನು ಸಂಬಂಧ? ನೂರಕ್ಕೆ 54 ಅಷ್ಟೇ ಕೆಲಸ ಮಾಡುತ್ತೆ. ಪ್ರೈವೇಟಿನಲ್ಲಿ ಮನುಷ್ಯರ ವೈರಸ್ಸಿನ ವಿದೇಶಿ ಲಸಿಕೆ ಸಿಗುತ್ತೆ' ಎಂದರು. ಕಳೆದ ತಿಂಗಳು ನಮ್ಮ ಕೊಟ್ಟಿಗೆಯಲ್ಲಿ ಹದಿನೈದು ದಿನದ ಕರು ಭೇದಿಯಾಗಿ ಸತ್ತಿತು. ದನದ ಡಾಕ್ಟರು ರೋಟಾ ಇರಬಹುದು ಅಂದಿದ್ದರು. ಅದನ್ನೇ ಮಗುವಿಗೆ ಕುಡಿಸ್ತಿದ್ದೀವಾ ಅಂತ ಹೆಂಡತಿಗೆ ಹೆದರಿಕೆ ಹತ್ತಿದೆ. ಅವಳ ತವರು ಸಿದ್ದಾಪುರದ ಕಡೆ. ಅಲ್ಲಿ ಮಂಗನ ಕಾಯಿಲೆ ಲಸಿಕೆಯನ್ನು ವರ್ಷಗಟ್ಟಲೆ ಹಾಕಿಸಿಕೊಂಡರು, ಆಮೇಲೆ ಅದರಲ್ಲಿ ಬಲ ಇಲ್ಲ ಅಂತ ನಿಲ್ಲಿಸಿದರು. ಇದೂ ಅದೇ ಕಥೆ ಆಗೋದಿಲ್ಲ ಅಂತ ಹೇಗೆ ನಂಬೋದು? ಎರಡನೇ ಡೋಸ್ ಮುಂದಿನ ವಾರ ಇದೆ."

ಉತ್ತರ:

ಮೊದಲು ಒಂದು ಮಾತು. ನಾನು ಮಕ್ಕಳ ಡಾಕ್ಟರ್ ಅಲ್ಲ. ಹುಟ್ಟಿದ್ದು ಕುಮಟಾದಲ್ಲಿ, ಕೆಲಸ ಮಾಡಿದ್ದು ವೈರಸ್ ಲ್ಯಾಬುಗಳಲ್ಲಿ. ಹೆಚ್ಚಿನ ವರ್ಷಗಳು ಇದೇ ರೋಟಾ ವೈರಸ್ ಜೊತೆ ಕಳೆದಿವೆ. ಹಾಗಾಗಿ ಲಸಿಕೆಗೆ ಯಾವ ತಳಿಯನ್ನು ಯಾಕೆ ಆರಿಸಿದರು ಅನ್ನುವುದನ್ನು ವಿವರವಾಗಿ ಹೇಳಬಲ್ಲೆ. ನಿಮ್ಮ ಮಗಳಿಗೆ ಬೇರೇನಾದರೂ ತೊಂದರೆ ಇದ್ದರೆ ಅದನ್ನು ನಿಮ್ಮ ಡಾಕ್ಟರೇ ನೋಡಬೇಕು.

ನಿಮ್ಮ ಬಾವ ಸುಳ್ಳು ಹೇಳಿಲ್ಲ. ದನ, ದೆಹಲಿ, 54, ಮೂರೂ ನಿಜವೇ. ಆದರೆ ಒಂದೊಂದನ್ನೂ ಅರ್ಧಕ್ಕೆ ಬಿಟ್ಟಿದ್ದಾರೆ. ಉಳಿದ ಅರ್ಧ ಗೊತ್ತಾದರೆ ಹೆದರಿಕೆ ಬಹಳ ಮಟ್ಟಿಗೆ ಇಳಿಯುತ್ತದೆ.

ಮೊದಲು, ಎಳೆ ಮಕ್ಕಳಿಗೆ ವಾಂತಿ ಭೇದಿ ತರುವ ಈ ವೈರಸ್ ಹೇಗಿದೆ ನೋಡೋಣ. 1973ರಲ್ಲಿ ಮೆಲ್ಬರ್ನಿನಲ್ಲಿ ರೂತ್ ಬಿಷಪ್ ಮತ್ತು ಅವರ ಜೊತೆಯವರು, ಭೇದಿಯಾಗಿ ಬಂದ ಮಕ್ಕಳ ಕರುಳಿನ ಸಣ್ಣ ಚೂರುಗಳಲ್ಲಿ ಇದನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಡಿ ಕಂಡರು. ಥೇಟ್ ಗಾಡಿ ಚಕ್ರ. ಲ್ಯಾಟಿನ್ ಭಾಷೆಯಲ್ಲಿ 'ರೋಟಾ' ಎಂದರೆ ಚಕ್ರ, ಹೆಸರು ಬಂದದ್ದು ಅಲ್ಲಿಂದಲೇ. ಚಕ್ರದೊಳಗೆ ಇದರ ವಂಶವಾಹಿ ಒಂದೇ ಉದ್ದದ ದಾರವಾಗಿ ಇಲ್ಲ. 11 ಬೇರೆ ಬೇರೆ ತುಂಡುಗಳಾಗಿವೆ. ಲ್ಯಾಬಿನಲ್ಲಿ ಮಗುವಿನ ಭೇದಿಯಿಂದ ಈ ತುಂಡುಗಳನ್ನು ಬೇರ್ಪಡಿಸಿ, ಜೆಲ್ ಮೇಲೆ ಕರೆಂಟಿನಲ್ಲಿ ಓಡಿಸಿ, ಬೆಳ್ಳಿಯ ಬಣ್ಣ ಕೊಡುತ್ತಿದ್ದೆವು. ಟ್ರೇ ಅಲ್ಲಾಡಿಸುತ್ತಾ ನಿಂತರೆ ಐದು ನಿಮಿಷದಲ್ಲಿ ಕಂದು ಗೆರೆಗಳು ಏಣಿಯ ಮೆಟ್ಟಿಲಿನಂತೆ ಮೂಡುತ್ತಿದ್ದವು. ಮೇಲೆ ನಾಲ್ಕು, ಆಮೇಲೆ ಎರಡು, ಒತ್ತಾಗಿ ಮೂರು, ಕೆಳಗೆ ಎರಡು. 4-2-3-2. ಮಕ್ಕಳಿಗೆ ಕಾಯಿಲೆ ತರುವ ಮುಖ್ಯ ಗುಂಪಿನ ಗುರುತು ಇದು. ಎಷ್ಟು ಸಲ ನೋಡಿದರೂ ಆ ಏಣಿ ಮೂಡುವ ಹೊತ್ತಿಗೆ ನನಗೆ ಉಸಿರು ಹಿಡಿದ ಹಾಗಾಗುತ್ತಿತ್ತು.

ಈ 11 ತುಂಡುಗಳ ವಿಷಯ ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ. ಎರಡು ಬೇರೆ ಬೇರೆ ರೋಟಾ ವೈರಸ್‌ಗಳು ಒಂದೇ ಜೀವಕೋಶದೊಳಗೆ ಹೊಕ್ಕರೆ ತುಂಡುಗಳು ಬೆರೆಯುತ್ತವೆ. ಎರಡು ಕಟ್ಟು ಇಸ್ಪೀಟನ್ನು ಕಲಸಿ ಹಂಚಿದ ಹಾಗೆ. ಲೆಕ್ಕ ಹಾಕಿದರೆ 2048 ಬಗೆ ಸಾಧ್ಯ. ಲ್ಯಾಬಿನಲ್ಲೂ ಹೀಗೆ ಬೆರೆಸಬಹುದು, ಪ್ರಕೃತಿಯಲ್ಲೂ ತಾನಾಗಿ ಬೆರೆಯುತ್ತದೆ. ಹೊರಗಿನ ಕವಚದಲ್ಲಿ ಎರಡು ಪ್ರೋಟೀನುಗಳಿವೆ. ಒಂದು ಮೈ ಹೊದಿಕೆ, ಇನ್ನೊಂದು ಮೈಯಿಂದ ಹೊರಕ್ಕೆ ಚಾಚಿದ ಮುಳ್ಳು. ಹೊದಿಕೆ ನೋಡಿ 'ಜಿ' ನಂಬರ್ ಕೊಡುತ್ತಾರೆ, ಮುಳ್ಳು ನೋಡಿ 'ಪಿ' ನಂಬರ್. ಜಿ1ಪಿ8, ಜಿ2ಪಿ4 ಅಂತೆಲ್ಲ ಓದಿದ್ದರೆ ಅದು ಇದೇ.

ಈಗ ದನದ ವಿಷಯ. ನಮ್ಮ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಎರಡು ಲಸಿಕೆಗಳಿವೆ. ಹೈದರಾಬಾದಿನ ಭಾರತ್ ಬಯೋಟೆಕ್ ಮಾಡುವ ರೋಟಾವ್ಯಾಕ್ ಒಂದು, ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನ ರೋಟಾಸಿಲ್ ಇನ್ನೊಂದು. ಐದು ಹನಿ ಹಾಕಿದರು ಅಂತ ಬರೆದಿದ್ದೀರಿ, ಅಂದರೆ ನಿಮ್ಮ ಮಗಳಿಗೆ ಸಿಕ್ಕಿದ್ದು ರೋಟಾವ್ಯಾಕ್. ಅದರಲ್ಲಿರುವ ತಳಿಯ ಹೆಸರು 116ಇ. ಅದರ 11 ತುಂಡುಗಳಲ್ಲಿ 10 ಮನುಷ್ಯರ ವೈರಸ್ಸಿನವು. ಮುಳ್ಳಿನ ತುಂಡು ಒಂದು ಮಾತ್ರ ದನದ ಕಡೆಯಿಂದ ಬಂದದ್ದು. ಅದನ್ನೂ ಯಾರೂ ಕೂರಿಸಿದ್ದಲ್ಲ. ಯಾವಾಗಲೋ, ಎಲ್ಲೋ ತಾನಾಗಿ ಬೆರೆತದ್ದು.

ರೋಟಾಸಿಲ್ ಇದಕ್ಕೆ ತಿರುಗಾಮುರುಗ. ಬ್ರಿಟನ್ನಿನ ಕರುವೊಂದರಿಂದ ಬಂದ ತಳಿಯ 10 ತುಂಡು, ಅದಕ್ಕೆ ಮನುಷ್ಯರ ವೈರಸ್ಸಿನ ಹೊದಿಕೆಯ 1 ತುಂಡು. ಹೀಗೆ ಜಿ1, ಜಿ2, ಜಿ3, ಜಿ4, ಜಿ9 ಅಂತ ಐದು ಬಗೆ ಮಾಡಿ ಒಟ್ಟಿಗೆ ಸೇರಿಸಿದ್ದಾರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಆಲ್ಬರ್ಟ್ ಕಪಿಕಿಯನ್ ಅವರ ತಂಡ ಮಾಡಿದ ಕೆಲಸ ಇದು. ತೋಟದವರಿಗೆ ಇದನ್ನು ವಿವರಿಸುವುದೇ ಬೇಡ. ಹಿಪ್ಪಲಿ ಗಿಡಕ್ಕೆ ಕಾಳುಮೆಣಸಿನ ಕಸಿ ಕಟ್ಟುತ್ತೀರಲ್ಲ, ಹಾಗೆ. ಬೇರು ಹಿಪ್ಪಲಿಯದ್ದು, ಸೊರಗು ರೋಗಕ್ಕೆ ಜಗ್ಗುವುದಿಲ್ಲ. ಕಾಳು ಮಾತ್ರ ಮೆಣಸಿನದ್ದು. ದನದ ವೈರಸ್ಸಿನ ಬೇರು ಮನುಷ್ಯರ ಕರುಳಿನಲ್ಲಿ ಅಷ್ಟಾಗಿ ಚಿಗುರುವುದಿಲ್ಲ, ಆದ್ದರಿಂದ ಮಗುವಿಗೆ ಕಾಯಿಲೆ ಬರುವುದಿಲ್ಲ. ಹೊದಿಕೆ ಮನುಷ್ಯರದ್ದಾದ್ದರಿಂದ ಮೈ ಅದನ್ನು ಗುರುತಿಟ್ಟುಕೊಳ್ಳುತ್ತದೆ. ಈ ಯೋಚನೆಯೇನೂ ಹೊಸದಲ್ಲ. 1796ರಲ್ಲಿ ಎಡ್ವರ್ಡ್ ಜೆನ್ನರ್ ದನದ ಸಿಡುಬಿನಿಂದ ಮನುಷ್ಯರ ಸಿಡುಬನ್ನು ತಡೆದದ್ದೂ ಹೀಗೇ.

ಹಾಗಾದರೆ ದನದ್ದನ್ನೇ ನೇರವಾಗಿ ಕೊಟ್ಟರೆ ಆಗುತ್ತಿರಲಿಲ್ಲವಾ? ಅದನ್ನೂ ಮಾಡಿ ನೋಡಿದ್ದಾರೆ. 1980ರ ದಶಕದ ಮೊದಲಲ್ಲಿ ಅಮೆರಿಕದ ನೆಬ್ರಾಸ್ಕಾದ ಕರುವಿನ ತಳಿಯಿಂದ ಮಾಡಿದ ಲಸಿಕೆ ಫಿನ್ಲೆಂಡಿನ ಮಕ್ಕಳಲ್ಲಿ ಭರ್ಜರಿಯಾಗಿ ಕೆಲಸ ಮಾಡಿತು. ಅದನ್ನೇ ಆಫ್ರಿಕಾದ ರುವಾಂಡಾ, ಗ್ಯಾಂಬಿಯಾಗಳಿಗೆ ಒಯ್ದಾಗ ಕೈಕೊಟ್ಟಿತು. ಅಲ್ಲಿಗೆ ಅದನ್ನು ಬಿಟ್ಟರು. ಈ ಫಿನ್ಲೆಂಡ್-ಆಫ್ರಿಕಾ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಬಾವನ 54ಕ್ಕೆ ಉತ್ತರ ಅಲ್ಲೇ ಇದೆ.

ನಿಮ್ಮ ಸತ್ತ ಕರುವಿಗೂ ಲಸಿಕೆಗೂ ಸಂಬಂಧವಿಲ್ಲ. ಕೊಟ್ಟಿಗೆಯಲ್ಲಿ ಓಡಾಡುವುದು ಪಳಗದ ವೈರಸ್. ಲಸಿಕೆಯಲ್ಲಿರುವುದು ಗಾಜಿನ ಬಾಟಲಿಗಳಲ್ಲಿ ಜೀವಕೋಶಗಳ ಮೇಲೆ ಮತ್ತೆ ಮತ್ತೆ ಬೆಳೆಸಿ, ಪ್ರತಿ ಹಂತದಲ್ಲೂ ಬೇರೆ ಕ್ರಿಮಿ ಸೇರಿಲ್ಲ ಅಂತ ಪರೀಕ್ಷಿಸಿ, ಬೀಜದ ಅಡಿಕೆ ಎತ್ತಿಡುವ ಹಾಗೆ 'ಬೀಜ' ಅಂತಲೇ ಕರೆದು ಎತ್ತಿಟ್ಟದ್ದು. ಕರುವಿನ ರೋಟಾ ಮಗುವಿಗೆ ನೇರವಾಗಿ ಕಾಯಿಲೆ ತರುವುದು ತೀರಾ ಅಪರೂಪ. ಆದರೆ ಕರುವಿನ ಭೇದಿಯಲ್ಲಿ ರೋಟಾ ಒಂದೇ ಇರುವುದಿಲ್ಲ. ಕ್ರಿಪ್ಟೋಸ್ಪೋರಿಡಿಯಂ ಅನ್ನುವ ಪರೋಪಜೀವಿ ಕರುವಿನಿಂದ ಮನುಷ್ಯರಿಗೆ ಚೆನ್ನಾಗಿಯೇ ದಾಟುತ್ತದೆ. ಹಾಗಾಗಿ ಕೊಟ್ಟಿಗೆಗೆ ಹೋಗಿ ಬಂದವರು ಸೋಪು ಹಾಕಿ ಕೈ ತೊಳೆಯದೆ ಕೂಸನ್ನು ಎತ್ತಿಕೊಳ್ಳಬೇಡಿ. ಹೆಂಡತಿಗೆ ಹೆದರಿಕೆ ಇರಬೇಕಾದ್ದು ಅಲ್ಲಿ, ಅಂಗನವಾಡಿಯಲ್ಲಿ ಅಲ್ಲ.

ಇನ್ನು ದೆಹಲಿಯ ಮಗು. ನನಗೆ ತುಂಬಾ ಇಷ್ಟವಾದ ಭಾಗ ಇದು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

1980ರ ದಶಕದ ಮಧ್ಯದಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಡಾ. ಎಂ.ಕೆ. ಭಾನ್ ಮತ್ತು ಅವರ ತಂಡಕ್ಕೆ ಒಂದು ವಿಚಿತ್ರ ಕಂಡಿತು. ಆಗ ತಾನೇ ಹುಟ್ಟಿದ ಶಿಶುಗಳ ಮಲದಲ್ಲಿ ರೋಟಾ ವೈರಸ್ ಸಿಗುತ್ತಿತ್ತು. ಆದರೆ ಆ ಮಕ್ಕಳಿಗೆ ಭೇದಿಯೇ ಇರಲಿಲ್ಲ. ಹಾಲು ಕುಡಿದು ಆರಾಮಾಗಿ ಮಲಗಿದ್ದವು. ಇಂಥ ಮಕ್ಕಳನ್ನು ಆಮೇಲೂ ಗಮನಿಸುತ್ತಾ ಹೋದಾಗ, ಮುಂದೆ ಅವರಿಗೆ ರೋಟಾ ಭೇದಿ ಕಡಿಮೆ ಬಂತು. ಅಂದರೆ ಒಂದು ಪಳಗಿದ ವೈರಸ್ ತಾನಾಗಿಯೇ ಆ ಮಕ್ಕಳಿಗೆ ಲಸಿಕೆ ಹಾಕಿ ಹೋಗಿತ್ತು. ಮನೆಗೆ ಬಂದ ನೆಂಟ ಗಲಾಟೆ ಮಾಡದೆ ಉಂಡು, ಎಲ್ಲರಿಗೂ ಮುಖಪರಿಚಯ ಮಾಡಿಕೊಂಡು ಹೊರಟ ಹಾಗೆ. ಅದೇ 116ಇ. ಅದರ ಗುರುತು ಜಿ9ಪಿ11.

ನಿಮ್ಮ ಬಾವನವರಿಗೆ ಇದನ್ನು ಹೇಳಿ: ಅದೇ ಕಾಲದಲ್ಲಿ ಅವರ ಬೆಂಗಳೂರಿನಲ್ಲೂ ಇಂಥದ್ದೇ ಒಂದು ತಳಿ ಸಿಕ್ಕಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಸಿ. ದುರ್ಗಾ ರಾವ್ ಅವರ ತಂಡ ಕೆಲಸ ಮಾಡಿದ ಆ ತಳಿಯ ಹೆಸರು ಐ321, ಗುರುತು ಜಿ10ಪಿ11. ಅದೂ ಭೇದಿಯಿಲ್ಲದ ನವಜಾತ ಶಿಶುಗಳಿಂದಲೇ ಬಂದದ್ದು. ಅದರ 11 ತುಂಡುಗಳಲ್ಲಿ 9 ದನದವು, 2 ಮಾತ್ರ ಮನುಷ್ಯರ ವೈರಸ್ಸಿನವು. ನಮ್ಮ ದೇಶದಲ್ಲಿ ದನವೂ ಕೂಸೂ ಎಷ್ಟು ಹತ್ತಿರ ಬದುಕುತ್ತವೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ!

ಎರಡರಲ್ಲಿ ಯಾವುದನ್ನು ಲಸಿಕೆ ಮಾಡುವುದು? ಎರಡನ್ನೂ ದೆಹಲಿಯಲ್ಲಿ ಎಂಟು ವಾರದ ಮಕ್ಕಳಿಗೆ ಒಂದೊಂದು ಡೋಸ್ ಕೊಟ್ಟು ನೋಡಿದರು. ಎರಡೂ ತೊಂದರೆ ಕೊಡಲಿಲ್ಲ. ಆದರೆ 116ಇ ಕೊಟ್ಟ ನೂರರಲ್ಲಿ 73 ಮಕ್ಕಳ ಮೈ ಪ್ರತಿಕ್ರಿಯೆ ತೋರಿಸಿತು, ಐ321 ಕೊಟ್ಟವರಲ್ಲಿ 39 ಮಾತ್ರ. 2006ರಲ್ಲಿ ಇದು ಪ್ರಕಟವಾಯಿತು. ಬೆಂಗಳೂರಿನ ತಳಿ ಅಲ್ಲಿಗೆ ಹಿಂದೆ ಉಳಿಯಿತು. ಕನ್ನಡದವಳಾಗಿ ನನಗೆ ಒಳಗೊಳಗೇ ಬೇಜಾರಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆ ತೀರ್ಮಾನ ಸರಿಯಾಗಿಯೇ ಇತ್ತು.

ತಳಿ ಆರಿಸುವಾಗ ನೋಡುವುದೇ ಇದನ್ನು. ಯಾವ ಊರಿನದು ಅನ್ನುವುದಕ್ಕಿಂತ ಗುಣ ಮುಖ್ಯ. ಕರುಳಿನಲ್ಲಿ ಬೇರು ಬಿಡಬೇಕು, ಆದರೆ ಕಾಯಿಲೆ ತರಬಾರದು. ಈ ಎರಡರ ನಡುವೆ ಇರುವ ಜಾಗ ಬಹಳ ಇಕ್ಕಟ್ಟು. ಜಾಸ್ತಿ ಸಾಧು ತಳಿಯಾದರೆ ಮೈ ಗಮನಿಸುವುದೇ ಇಲ್ಲ. ಜಾಸ್ತಿ ಜೋರಿನದಾದರೆ ಅಪಾಯ. ಇದರ ಮೇಲೆ ಬಾಟಲಿಯಲ್ಲಿ ಚೆನ್ನಾಗಿ ಬೆಳೆಯಬೇಕು. ಮೈಯಲ್ಲಿ ಸೊಗಸಾಗಿ ಬೆಳೆಯುವ ಎಷ್ಟೋ ತಳಿಗಳು ಬಾಟಲಿಗೆ ಬಂದರೆ ಮುಷ್ಕರ ಹೂಡುತ್ತವೆ. ರೋಟಾದ ಮುಳ್ಳನ್ನು ಟ್ರಿಪ್ಸಿನ್ ಅನ್ನುವ ಜೀರ್ಣರಸ ಕತ್ತರಿಸಬೇಕು, ಆಗಲೇ ಅದು ಜೀವಕೋಶದೊಳಗೆ ಹೊಗುವುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೊಮ್ಮೆ ಜೀವಕೋಶಗಳ ಮೇಲಿನ ಸೀರಮ್, ಅಂದರೆ ಅವುಗಳ ಪೋಷಣೆಗೆ ಹಾಕುವ ರಕ್ತದ ತಿಳಿ, ತೊಳೆಯದೆ ವೈರಸ್ ಹಾಕಿದ್ದೆ. ಸೀರಮ್ ಟ್ರಿಪ್ಸಿನ್ನನ್ನು ತಡೆಯುತ್ತದೆ. ಒಂದು ವಾರ ದಿನಾ ಬೆಳಿಗ್ಗೆ ಬಂದು ನೋಡಿದರೂ ಜೀವಕೋಶಗಳು ಹಾಸಿದ ಚಾಪೆಯ ಹಾಗೆ ಅಲ್ಲಾಡದೆ ಇದ್ದವು. ವೈರಸ್ ಬೆಳೆದಿದ್ದರೆ ಆ ಚಾಪೆ ಹರಿದು ಚಿಂದಿಯಾಗಬೇಕಿತ್ತು. ನಮ್ಮ ಮೇಡಂ ಬೈಯಲಿಲ್ಲ. "ತೊಳೆದೆಯಾ?" ಅಂತ ಒಂದೇ ಮಾತು ಕೇಳಿದರು.

ಜೋರಿನ ತಳಿಯ ಅಪಾಯ ಏನು ಅನ್ನುವುದಕ್ಕೆ ಒಂದು ದೊಡ್ಡ ಪಾಠ ಇದೆ. 1998ರಲ್ಲಿ ಅಮೆರಿಕದಲ್ಲಿ ರೋಟಾಶೀಲ್ಡ್ ಎಂಬ ಲಸಿಕೆ ಬಂತು. ಅದರ ಬೇರು ರೀಸಸ್ ಮಂಗನ ವೈರಸ್. ಮಕ್ಕಳ ಕರುಳಿನಲ್ಲಿ ಅದು ದನದ ತಳಿಗಿಂತ ಚೆನ್ನಾಗಿ ಬೆಳೆಯುತ್ತಿತ್ತು, ಸ್ವಲ್ಪ ಜ್ವರವನ್ನೂ ತರುತ್ತಿತ್ತು. ವರ್ಷದೊಳಗೆ ಕೆಲವು ಮಕ್ಕಳಲ್ಲಿ ಕರುಳಿನ ಒಂದು ಭಾಗ ಇನ್ನೊಂದರೊಳಗೆ ಸೇರಿಕೊಳ್ಳುವ ತೊಂದರೆ ಕಾಣಿಸಿತು. ಸುಮಾರು 10 ಸಾವಿರ ಮಕ್ಕಳಿಗೆ ಒಬ್ಬರಂತೆ. 1999ರಲ್ಲಿ ಅದನ್ನು ವಾಪಸ್ ತೆಗೆದುಕೊಂಡರು. ಆಮೇಲೆ ಬಂದ ಪ್ರತಿ ರೋಟಾ ಲಸಿಕೆಯನ್ನೂ ಈ ಒಂದು ತೊಂದರೆಗಾಗಿಯೇ ಭೂತಗನ್ನಡಿ ಹಿಡಿದು ನೋಡಿದ್ದಾರೆ. ವಿದೇಶಿ ಲಸಿಕೆಗಳಲ್ಲಿ ಇದು 20 ಸಾವಿರದಿಂದ 1 ಲಕ್ಷ ಮಕ್ಕಳಿಗೆ ಒಬ್ಬರಂತೆ ಕಂಡಿದೆ, ಅದೂ ಹೆಚ್ಚಾಗಿ ಮೊದಲ ಡೋಸ್ ಆದ ಒಂದು ವಾರದೊಳಗೆ. ನಮ್ಮ ದೇಶದಲ್ಲಿ ರೋಟಾವ್ಯಾಕ್ ಶುರುವಾದ ಮೇಲೆ ಹಲವು ರಾಜ್ಯಗಳ 27 ಆಸ್ಪತ್ರೆಗಳಲ್ಲಿ ಇದನ್ನೇ ಹುಡುಕಿದರು. ಲಸಿಕೆಯಿಂದ ಈ ತೊಂದರೆ ಹೆಚ್ಚಾಗಿದ್ದು ಕಾಣಲಿಲ್ಲ. 2020ರಲ್ಲಿ ಆ ವರದಿ ಬಂತು.

ಹೀಗಿದ್ದರೂ ಲಕ್ಷಣ ಗೊತ್ತಿರಲಿ. ಲಸಿಕೆ ಹಾಕಿಸದ ಮಕ್ಕಳಿಗೂ ಇದು ಬರುತ್ತದೆ. ಮಗು ಇದ್ದಕ್ಕಿದ್ದಂತೆ ಕಾಲು ಮಡಚಿ ಕಿರುಚುವುದು, ಸ್ವಲ್ಪ ಹೊತ್ತು ಸುಮ್ಮನಾಗಿ ಮತ್ತೆ ಕಿರುಚುವುದು, ವಾಂತಿ, ಮಲದಲ್ಲಿ ಲೋಳೆಯಂಥ ರಕ್ತ. ಇಂಥದ್ದು ಕಂಡರೆ ಗ್ರೈಪ್ ವಾಟರ್ ಕುಡಿಸುತ್ತಾ ಬೆಳಗಾಗಲಿ ಅಂತ ಕಾಯಬೇಡಿ.

ಈಗ 'ನಮ್ಮೂರಿನ ವೈರಸ್ಸಿಗೆ ಹೊಂದುತ್ತಾ' ಅನ್ನುವುದು. ಫ್ಲೂ ಲಸಿಕೆಯ ತಳಿಯನ್ನು ವರ್ಷವರ್ಷ ಬದಲಾಯಿಸುವುದನ್ನು ಕೇಳಿ ಕೇಳಿ, ಎಲ್ಲ ಲಸಿಕೆಯೂ ಬೀಗಕ್ಕೆ ಬೀಗದಕೈ ಇದ್ದ ಹಾಗೆ ಕೂರಬೇಕು ಅಂತ ನಾವು ಅಂದುಕೊಂಡಿದ್ದೇವೆ. ರೋಟಾ ಹಾಗಲ್ಲ. ಮಗುವಿಗೆ ಮೊದಲ ಸಲ ಯಾವ ಬಗೆಯ ರೋಟಾ ತಗುಲಿದರೂ, ಮುಂದಿನ ಸಲ ಬೇರೆ ಬಗೆ ಬಂದಾಗ ಕಾಯಿಲೆ ಹಗುರಾಗಿರುತ್ತದೆ. ಮೈ ಬರೀ ಹೊದಿಕೆ, ಮುಳ್ಳು ನೋಡಿ ಕಲಿಯುವುದಿಲ್ಲ. ಒಳಗಿನ ಪದರದಲ್ಲಿ ಎಲ್ಲ ಬಗೆಗೂ ಹೆಚ್ಚುಕಡಿಮೆ ಒಂದೇ ಥರ ಇರುವ ಭಾಗಗಳಿಂದಲೂ ಕಲಿಯುತ್ತದೆ. ಪ್ರೈವೇಟಿನಲ್ಲಿ ಸಿಗುವ ರೋಟಾರಿಕ್ಸ್‌ನಲ್ಲಿ ಇರುವುದೂ ಒಂದೇ ತಳಿ, ಜಿ1ಪಿ8. ಅದೂ 1989ರ ಸುಮಾರಿಗೆ ಅಮೆರಿಕದ ಸಿನ್ಸಿನಾಟಿಯ ಮಗುವಿನಿಂದ ಬಂದದ್ದು. ದೆಹಲಿ ದೂರ ಆದರೆ ಸಿನ್ಸಿನಾಟಿ ಹತ್ತಿರವಾ? ಆದರೂ ಅದು ಜಿ2ಪಿ4ನಂಥ ಬೇರೆ ಬಗೆಗಳ ವಿರುದ್ಧವೂ ಕೆಲಸ ಮಾಡುತ್ತದೆ. ಹಾಗಂತ ಕಣ್ಣು ಮುಚ್ಚಿ ಕೂತಿಲ್ಲ. ಯಾವ ಬಗೆ ಓಡಾಡುತ್ತಿದೆ ಅನ್ನುವುದನ್ನು ಆಸ್ಪತ್ರೆಗಳಲ್ಲಿ ಸ್ಯಾಂಪಲ್ ತೆಗೆದು ನೋಡುತ್ತಲೇ ಇರುತ್ತಾರೆ.

ಹಾಗಾದರೆ 54 ಯಾಕೆ, 95 ಯಾಕಲ್ಲ? ಸರಿಯಾದ ಪ್ರಶ್ನೆ ಇದೇ.

ದೆಹಲಿ, ಪುಣೆ, ವೆಲ್ಲೂರಿನಲ್ಲಿ 6,799 ಮಕ್ಕಳ ಮೇಲೆ ರೋಟಾವ್ಯಾಕ್ ಪರೀಕ್ಷೆ ನಡೆದು 2014ರಲ್ಲಿ ಫಲಿತಾಂಶ ಬಂತು. ಜೋರಾದ ರೋಟಾ ಭೇದಿಯನ್ನು ಅದು ನೂರಕ್ಕೆ 53.6ರಷ್ಟು ತಗ್ಗಿಸಿತು. ಅಂದರೆ ಲಸಿಕೆ ಇಲ್ಲದ ಊರಿನಲ್ಲಿ 100 ಮಕ್ಕಳು ಜೋರಾಗಿ ಮಲಗುವ ಕಡೆ, ಲಸಿಕೆ ಇದ್ದರೆ 46 ಮಕ್ಕಳು. ರೋಟಾಸಿಲ್ ನಮ್ಮ ದೇಶದಲ್ಲಿ ಸುಮಾರು 36 ತೋರಿಸಿತು, ಅದೇ ಲಸಿಕೆ ಆಫ್ರಿಕಾದ ನೈಜರ್‌ನಲ್ಲಿ 66.7. ಈಗ ವಿದೇಶಿಯದು ನೋಡಿ. ರೋಟಾರಿಕ್ಸ್ ಯುರೋಪಿನಲ್ಲಿ 90 ದಾಟುತ್ತದೆ. ಅದೇ ರೋಟಾರಿಕ್ಸ್ ಮಲಾವಿಯಲ್ಲಿ ಸುಮಾರು 49. ಅಮೆರಿಕದ ಐದು ತಳಿಗಳ ರೋಟಾಟೆಕ್ ಬಾಂಗ್ಲಾದೇಶದಲ್ಲಿ 43ರ ಹತ್ತಿರ. ಬೀಜ ಅದೇ, ನೆಲ ಬೇರೆ. ನಿಮ್ಮ ಬಾವ 54ನ್ನು ಹೋಲಿಸಬೇಕಾದ್ದು ಮಲಾವಿ, ಬಾಂಗ್ಲಾದೇಶದ ಜೊತೆ, ಫಿನ್ಲೆಂಡಿನ ಜೊತೆ ಅಲ್ಲ.

ನೆಲ ಯಾಕೆ ಬೇರೆ? ಒಂದೇ ಕಾರಣ ಇಲ್ಲ. ತಾಯಿಯಿಂದ ಹೊಕ್ಕುಳ ಬಳ್ಳಿಯ ಮೂಲಕ, ಹಾಲಿನ ಮೂಲಕ ಬರುವ ಪ್ರತಿಕಾಯಗಳು ನಮ್ಮ ಮಕ್ಕಳಲ್ಲಿ ಜಾಸ್ತಿ, ಅವು ಲಸಿಕೆಯ ವೈರಸ್ಸನ್ನೂ ಸ್ವಲ್ಪ ಮಟ್ಟಿಗೆ ಹಿಡಿದುಬಿಡುತ್ತವೆ. ಜೊತೆಗೆ ಹಾಕುವ ಪೋಲಿಯೋ ಹನಿ ಮೊದಲ ಡೋಸಿಗೆ ಕೊಂಚ ಅಡ್ಡ ಬರುತ್ತದೆ. ಪದೇ ಪದೇ ಸೋಂಕಾಗಿ ಕರುಳಿನ ಒಳಪದರ ಸೊರಗಿರುತ್ತದೆ. ಕರುಳಿನ ಕೋಶದ ಮೇಲಿನ ಸಕ್ಕರೆ ಅಣುಗಳೂ ಮನುಷ್ಯರಿಂದ ಮನುಷ್ಯರಿಗೆ ಬೇರೆ. ನಮ್ಮ ರಕ್ತದ ಗುಂಪಿಗೆ ಸಂಬಂಧಿಸಿದ ಅಣುಗಳೇ ಅವು. ವೈರಸ್ಸಿನ ಮುಳ್ಳು ಅಂಟಿಕೊಳ್ಳುವುದು ಅವಕ್ಕೇ, ಹಾಗಾಗಿ ಒಂದು ತಳಿ ಒಬ್ಬರಿಗೆ ಅಂಟಿದಷ್ಟು ಇನ್ನೊಬ್ಬರಿಗೆ ಅಂಟುವುದಿಲ್ಲ. ಪಿ11 ಮುಳ್ಳು ನವಜಾತ ಶಿಶುಗಳ ಕರುಳಿನಲ್ಲಿ ಹೇರಳವಾಗಿರುವ ಒಂದು ಬಗೆಯ ಸಕ್ಕರೆಗೆ ಅಂಟುತ್ತದೆ. 116ಇ ಎಳೆ ಕೂಸುಗಳಲ್ಲೇ ಯಾಕೆ ಸಿಕ್ಕಿತು ಅನ್ನುವ ಗುಟ್ಟು ಅದರಲ್ಲಿದೆ. ಭಾನ್ ಅವರು ಅದನ್ನು ಹುಡುಕಿದಾಗ ಈ ವಿಷಯ ಯಾರಿಗೂ ಗೊತ್ತಿರಲಿಲ್ಲ.

ಒಂದು ಎಚ್ಚರಿಕೆ: ಹಾಲು ಅಡ್ಡ ಬರುತ್ತದೆ ಅಂತ ಲಸಿಕೆಗೆ ಮೊದಲು ಮಗುವಿಗೆ ಹಾಲು ನಿಲ್ಲಿಸಬೇಡಿ. ಹಾಗೆ ಮಾಡಿ ನೋಡಿದ್ದಾರೆ, ಏನೂ ಉಪಯೋಗವಾಗಿಲ್ಲ.

ಅರ್ಧಕ್ಕರ್ಧ ಅನ್ನುವುದು ಸಣ್ಣದು ಅನಿಸಬಹುದು. ಲಸಿಕೆ ಬರುವ ಮೊದಲು ದೇಶದಲ್ಲಿ ವರ್ಷಕ್ಕೆ ಸುಮಾರು 8.7 ಲಕ್ಷ ಮಕ್ಕಳು ರೋಟಾದಿಂದ ಆಸ್ಪತ್ರೆ ಸೇರುತ್ತಿದ್ದರು, ಸುಮಾರು 78 ಸಾವಿರ ಮಕ್ಕಳು ಸಾಯುತ್ತಿದ್ದರು ಅನ್ನುವುದು ತಜ್ಞರ ಅಂದಾಜು. ಅದರಲ್ಲಿ ಅರ್ಧ ಎಷ್ಟಾಯಿತು? ನಮ್ಮ ಜಿಲ್ಲೆಗಂತೂ ಈ ಲೆಕ್ಕ ಇನ್ನೂ ತೂಕದ್ದು. ಎಳೆ ಮಗು ವಾಂತಿ ಭೇದಿಯಿಂದ ಒಂದೇ ರಾತ್ರಿಯಲ್ಲಿ ಒಣಗಿಬಿಡುತ್ತದೆ. ಸಲೈನ್ ಹಾಕಿ ನಿಭಾಯಿಸುವ ಕಡೆ ಮುಟ್ಟಿಸಬೇಕು. ಮಳೆಗಾಲದಲ್ಲಿ ದೇವಿಮನೆ ಘಟ್ಟ ಕುಸಿದರೆ, ಶಿರೂರಿನಲ್ಲಿ 2024ರ ಜುಲೈಯಲ್ಲಿ ಆದ ಹಾಗೆ ಹೆದ್ದಾರಿಯೇ ಮುಚ್ಚಿದರೆ ಏನು ಮಾಡುತ್ತೀರಿ? ದೊಡ್ಡಾಸ್ಪತ್ರೆ ಬೇಕು ಅಂತ ಜಿಲ್ಲೆಯವರು ಕೂಗುತ್ತಲೇ ಇದ್ದೇವೆ. ಅದು ಆಗುವವರೆಗೆ ನಮಗೆ ಹುಬ್ಬಳ್ಳಿ, ಮಣಿಪಾಲ, ಗೋವಾದ ದಾರಿಯೇ ಗತಿ. ಆ ದಾರಿ ಹಿಡಿಯಬೇಕಾದ ರಾತ್ರಿಗಳು ಅರ್ಧಕ್ಕಿಳಿದರೆ ಅದೇನು ಸಣ್ಣ ಮಾತಲ್ಲ ಅಲ್ವಾ?

ಮಂಗನ ಕಾಯಿಲೆ ಲಸಿಕೆಯ ನೆನಪು ನೋವಿನದು, ಒಪ್ಪುತ್ತೇನೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಂಡ ಕಾಯಿಲೆ ಅದು. ಅದರ ಲಸಿಕೆ ಫಾರ್ಮಲಿನ್‌ನಲ್ಲಿ ಕೊಂದ ವೈರಸ್ಸಿನ ಚುಚ್ಚುಮದ್ದು. ಮೈಯಲ್ಲಿ ಬೆಳೆಯುವುದಿಲ್ಲ, ಆದ್ದರಿಂದ ಎರಡು ಡೋಸ್ ಆದ ಮೇಲೂ ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಿತ್ತು. ಬಲ ಕುಂದಿದೆ ಅಂತ ಪರೀಕ್ಷೆಗಳಲ್ಲಿ ಗೊತ್ತಾಗಿ 2022ರಲ್ಲಿ ನಿಂತಿತು. ರೋಟಾದ್ದು ಜೀವಂತ ವೈರಸ್, ಕರುಳಿನಲ್ಲಿ ಬೆಳೆದು ಪಾಠ ಕಲಿಸುತ್ತದೆ. ಎರಡರ ದಾರಿಯೇ ಬೇರೆ. ಆದರೂ ನಿಮ್ಮ ಅನುಮಾನವನ್ನು ನಾನು ತಪ್ಪು ಅನ್ನುವುದಿಲ್ಲ. ಬಲ ಕುಂದಿದ ಲಸಿಕೆಯನ್ನು ಅಷ್ಟು ಕಾಲ ಹಾಕಿದ್ದು ಜನರ ನಂಬಿಕೆಗೆ ಬಿದ್ದ ಪೆಟ್ಟು. ಅದರ ಬೆಲೆಯನ್ನು ಈಗ ಬೇರೆ ಲಸಿಕೆಗಳು ತೆರುತ್ತಿವೆ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಶುರು ಮಾಡಿದ್ದನ್ನೇ ಮುಂದುವರಿಸಿ, 10 ಮತ್ತು 14ನೇ ವಾರದ ಡೋಸ್ ಹಾಕಿಸುವುದು ಒಂದು. ನನ್ನ ಮನೆಯ ಮಗುವಾಗಿದ್ದರೆ ನಾನು ಮಾಡುತ್ತಿದ್ದದ್ದು ಇದನ್ನೇ. ಖರ್ಚಿಲ್ಲ, ನಮ್ಮ ದೇಶದ ಮಕ್ಕಳಲ್ಲೇ ಪರೀಕ್ಷೆಯಾದದ್ದು. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಶುರುವಾಗಿ 2019ರ ಹೊತ್ತಿಗೆ ದೇಶದ ಎಲ್ಲ ರಾಜ್ಯಗಳಿಗೂ ಬಂದಿದೆ.

ಪ್ರೈವೇಟಿಗೆ ಬದಲಾಯಿಸುವುದು ಇನ್ನೊಂದು. ಅದರಿಂದ ಅಪಾಯವೇನಿಲ್ಲ, ಲಾಭವೂ ಕಾಣುವುದಿಲ್ಲ. ರೋಟಾರಿಕ್ಸ್ ಎರಡೇ ಡೋಸ್ ಅಂತ ಬಾವ ಹೇಳಬಹುದು. ಮೊದಲ ಡೋಸ್ ರೋಟಾವ್ಯಾಕ್ ಆಗಿರುವುದರಿಂದ ನಿಮಗೆ ಒಟ್ಟು ಮೂರು ಆಗಲೇಬೇಕು. ಹಾಗೇ, ಅಂಗನವಾಡಿಯಲ್ಲಿ ಮುಂದಿನ ಸಲ ರೋಟಾವ್ಯಾಕ್ ಬದಲು ರೋಟಾಸಿಲ್ ಇದ್ದರೆ ಬೇಡ ಅಂತ ವಾಪಸ್ ಬರಬೇಡಿ. ಒಂದೇ ಬಗೆ ಆದರೆ ಒಳ್ಳೆಯದು, ಆದರೆ ಅದಕ್ಕಾಗಿ ತಡ ಮಾಡುವುದು ಒಳ್ಳೆಯದಲ್ಲ. ಒಂದು ಡೋಸ್ ಇದು, ಇನ್ನೊಂದು ಡೋಸ್ ಅದು ಅಂತ ಕೊಟ್ಟರೂ ಮೈ ಚೆನ್ನಾಗಿಯೇ ಪ್ರತಿಕ್ರಿಯೆ ತೋರಿಸುತ್ತದೆ ಅಂತ ನಮ್ಮಲ್ಲೇ ಪರೀಕ್ಷೆಯಾಗಿದೆ.

ಮೂರನೆಯದು ಇಷ್ಟಕ್ಕೇ ನಿಲ್ಲಿಸುವುದು. ಒಂದು ಡೋಸ್ ನಮ್ಮ ಮಕ್ಕಳಿಗೆ ಸಾಲದು. ವೆಲ್ಲೂರಿನಲ್ಲಿ ಮಕ್ಕಳನ್ನು ಹುಟ್ಟಿನಿಂದ ಮೂರು ವರ್ಷ ಗಮನಿಸಿದಾಗ, ನಿಜವಾದ ಸೋಂಕೇ ಮೂರು ಸಲ ಆದ ಮೇಲೂ ಮಧ್ಯಮ ಅಥವಾ ಜೋರು ಭೇದಿಯ ವಿರುದ್ಧ ರಕ್ಷಣೆ ಸುಮಾರು 79ಕ್ಕೆ ನಿಂತಿತ್ತು. ಮೆಕ್ಸಿಕೋದ ಮಕ್ಕಳಿಗೆ ಎರಡೇ ಸೋಂಕು ಸಾಕಾಗಿತ್ತು.

ಲಸಿಕೆ ಹಾಕಿಸಲೇಬಾರದ ಸಂದರ್ಭ ಅಂದರೆ ಮಗುವಿಗೆ ಹಿಂದೆ ಕರುಳು ಒಳಸೇರುವ ತೊಂದರೆ ಆಗಿದ್ದರೆ, ಅಥವಾ ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯ ಗಂಭೀರ ಕೊರತೆ ಇದ್ದರೆ. ಸಣ್ಣ ನೆಗಡಿಗೆ ಮುಂದೂಡಬೇಡಿ.

ಲಸಿಕೆ ಹಾಕಿಸಿದ ಮೇಲೂ ಭೇದಿ ಬರಬಹುದು, ರೋಟಾ ಬಿಟ್ಟು ಬೇರೆ ಕಾರಣಗಳೂ ಬೇಕಾದಷ್ಟಿವೆ. ಮನೆಯಲ್ಲಿ ಎರಡು ಪೊಟ್ಟಣ ಓಆರ್‌ಎಸ್ ಇರಲಿ. ಭೇದಿ ಅಂತ ಎದೆಹಾಲು ನಿಲ್ಲಿಸಬೇಡಿ, ಇನ್ನೂ ಜಾಸ್ತಿ ಕುಡಿಸಿ. ನಿಮ್ಮ ಮಗಳಿಗೆ ಇನ್ನೂ ಎರಡೇ ತಿಂಗಳು, ಹಾಗಾಗಿ ಭೇದಿಯಾದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ನೆತ್ತಿ ತಗ್ಗಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, ಆರು ಗಂಟೆಯಾದರೂ ಉಚ್ಚೆ ಹೊಯ್ಯದಿದ್ದರೆ ರಾತ್ರಿ ಆದರೂ ಸರಿ, ಹೊರಡಿ.

ಮುಂದಿನ ವಾರ ಹೋದಾಗ ಒಂದು ಕೆಲಸ ಮಾಡಿ. ಹನಿ ಹಾಕಿದ ನರ್ಸಮ್ಮನ ಹತ್ತಿರ ತಾಯಿ ಕಾರ್ಡಿನಲ್ಲಿ ಲಸಿಕೆಯ ಹೆಸರನ್ನೂ ಬ್ಯಾಚ್ ನಂಬರನ್ನೂ ಬರೆಸಿಕೊಳ್ಳಿ. ಬಾವ ಮತ್ತೆ ಬಂದಾಗ ತೋರಿಸಬಹುದು, ಜೊತೆಗೆ ಐ321ರ ಕಥೆಯನ್ನೂ ಹೇಳಿ.